ಬೆಳಗಿನ ಹೊತ್ತಿನ ಮೃತ್ಯುಪತ್ರ

ನನ್ನ ತಂದೆಗೆ ಮರೆವು ಬಂದದ್ದು ಸಂಜೆಯ ಕಡೆಯಿಂದ. ಬೆಳಿಗ್ಗೆ ಅವರು ಎಂದಿನ ಅಪ್ಪನೇ ಆಗಿರುತ್ತಿದ್ದರು. ಪುಣೆಯ ಧನಕವಡಿಯ ನಮ್ಮ ಮೂರನೆಯ ಮಹಡಿಯ ಮನೆಯ ಗ್ಯಾಲರಿಯಲ್ಲಿ ಕೂತು ಮರಾಠಿ ಪತ್ರಿಕೆಯನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದರು. ಮಧ್ಯಾಹ್ನ ದಾಟಿ, ಕಾತ್ರಜದ ಗುಡ್ಡದ ಮೇಲಿನ ಬಿಸಿಲು ಹಳದಿಗೆ ತಿರುಗುವಾಗ ಅವರ ಮಾತು ನಿಧಾನವಾಗುತ್ತಿತ್ತು. ಮೊದಲು ಮರಾಠಿ ಹೋಗುತ್ತಿತ್ತು. ಭೋಸರಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಡೀ ನೌಕರಿಯುದ್ದಕ್ಕೂ ಆಡಿದ ಭಾಷೆ, ನೋಡುನೋಡುತ್ತಿದ್ದಂತೆ ಕರಗಿ, ಗದಗಿನ ಬಾಲ್ಯದ ಕನ್ನಡವಷ್ಟೇ ಉಳಿಯುತ್ತಿತ್ತು. ಆಮೇಲೆ ಊರುಗಳು, ವರ್ಷಗಳು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. "ಕಂಪನಿ ಬಸ್ ಬಂತೇನವಾ?" ಎಂದು ನನ್ನನ್ನು ಕೇಳುತ್ತಿದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಅವರು ಹಾಗೆ ಕೇಳಿದಾಗ, ಕೆಳಗಿನ ರಸ್ತೆಯಲ್ಲಿ ಬಸ್ಸು ನಿಜಕ್ಕೂ ಬಂದು ನಿಂತಿದೆಯೇನೋ ಎಂದು ನಾನೂ ಒಮ್ಮೆ ಬಗ್ಗಿ ನೋಡುತ್ತಿದ್ದೆ.

ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು ಅವರ ತಂಗಿ, ನನ್ನ ಅತ್ತೆ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ತಮ್ಮನಿಗೆ ಮೂರು. ಒಂದು ತಿಂಗಳು ಇದ್ದು ಹೋಗುತ್ತೇನೆಂದು ಗದಗಿನಿಂದ ಬಂದ ಅತ್ತೆ ಮರಳಿ ಹೋಗಲೇ ಇಲ್ಲ. ಮದುವೆಯನ್ನೂ ಆಗಲಿಲ್ಲ. ನನ್ನ ಮದುವೆಯಾಯಿತು, ಚಾಕಣದ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ತಮ್ಮ ಅಲ್ಲೇ ಹತ್ತಿರ ಮನೆ ಮಾಡಿದ. ಅತ್ತೆ ಮಾತ್ರ ಅದೇ ಅಡುಗೆಮನೆಯಲ್ಲಿ, ಅದೇ ಕಿಟಕಿಯ ಹತ್ತಿರ ಉಳಿದಳು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಕರೆಸಿದರು. ಅತ್ತೆ ತರಕಾರಿಗೆ ಹೋಗುವುದನ್ನೇ ಕಾದು, ಬಾಗಿಲು ಮುಂದೆ ಮಾಡಿ ಕೂತರು.

"ನಂಗ ಏನಾಗ್ಲಿಕ್ಕತ್ತದ ಅಂತ ನಂಗ ಗೊತ್ತದ," ಎಂದರು. "ಪೂರ್ತಿ ಹೋಗೂದ್ರಾಗ ಮೃತ್ಯುಪತ್ರ ಮಾಡ್ಬೇಕು. ಮನಿ ನಿಮ್ಮಿಬ್ಬರಿಗೂ ಸಮ. ಆದ್ರ ಆಕಿ ಇರೂತನಾ ಈ ಮನ್ಯಾಗ ಆಕಿನ ಇರಾಕಿ. ಮಾರೂದು, ಭಾಡಿಗೆ ಕೊಡೂದು, ಏನೂ ಮಾಡಂಗಿಲ್ಲ. ಹಂಗಂತ ಬರಸ್ಬೇಕು."

ತಮ್ಮನ ಮುಖ ಸಣ್ಣದಾಯಿತು. "ಅಪ್ಪಾ, ನಾವು ಅತ್ತಿನ್ನ ಹೊರಗ ಹಾಕ್ತೀವೇನ್ರಿ?"

ಅವನು ಕೇಳಿದ್ದು ನನ್ನ ಮನಸ್ಸಿನಲ್ಲೂ ಇತ್ತು. ಅದಕ್ಕಿಂತ ಹೆಚ್ಚಿನದೂ ಇತ್ತು. ಅಪ್ಪನ ಕಾಲದ ನಂತರ ಆ ಮನೆ ಮಾರುವುದು, ಅತ್ತೆಯನ್ನು ನನ್ನಲ್ಲಿಗೆ ಕರೆದುಕೊಂಡು ಬರುವುದು ಎಂದು ನಾನು ಒಳಗೊಳಗೇ ಎಂದೋ ನಿರ್ಧರಿಸಿಬಿಟ್ಟಿದ್ದೆ. ಒಮ್ಮೆಯೂ ಅವಳನ್ನು ಕೇಳಿರಲಿಲ್ಲ.

"ನಿಮ್ಮ ಮ್ಯಾಲ ಸಂಶೇ ಇಲ್ಲೋ," ಎಂದರು ಅಪ್ಪ. "ಆದ್ರ ಆಕಿ ಇಷ್ಟು ವರ್ಷ ನನ್ನ ಮನ್ಯಾಗ ಇದ್ಲು. ಮುಂದ ನಿಮ್ಮ ಮನ್ಯಾಗ ಇರ್ತಾಳ. ಒಂದು ಸಲನೂ ತನ್ನ ಮನ್ಯಾಗ ಇರಲಿಲ್ಲ ನೋಡು. ಮಂದಿ ಮರ್ಜಿ ಮ್ಯಾಲ ಇರೂದು ಸಾಕು. ಆ ಮಂದಿ ನೀವಾದ್ರೂ ಅಷ್ಟ."

ಗ್ಯಾಲರಿಯಲ್ಲಿ ಒಣಹಾಕಿದ್ದ ಅತ್ತೆಯ ಸೀರೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದರ ನೆರಳು ಅಪ್ಪನ ಮುಖದ ಮೇಲೆ ಹಾದು ಹಾದು ಹೋಗುತ್ತಿತ್ತು.

ವಕೀಲರು ನಮ್ಮ ಓಣಿಯವರೇ, ವಯಸ್ಸಾದ ಮರಾಠಿ ಗೃಹಸ್ಥರು. ಅಪ್ಪ ಹೇಳಿದ್ದನ್ನೆಲ್ಲ ಮರಾಠಿಯಲ್ಲಿ ಬರೆದು ಓದಿ ತೋರಿಸಿದರು. ಸಹಿ ಹಾಕಿದ ದಿನ ಅಪ್ಪನ ಬುದ್ಧಿ ಸ್ವಾಧೀನದಲ್ಲಿತ್ತು ಎಂದು ವೈದ್ಯರೊಬ್ಬರು ಬರೆದುಕೊಟ್ಟರೆ ಮುಂದೆ ತಕರಾರು ಬರುವುದಿಲ್ಲ, ರಜಿಸ್ಟರ್ ಮಾಡಿಸಿದರೆ ಇನ್ನೂ ಒಳ್ಳೆಯದು ಎಂದರು.

ಸಹಿ ಹಾಕಿದ ದಿನ ಬೆಳಿಗ್ಗೆಯೇ ನಾನು ಅಪ್ಪನನ್ನು ವೈದ್ಯೆಯ ಹತ್ತಿರ ಕರೆದೊಯ್ದೆ. ವೈದ್ಯೆ ಅಪ್ಪನಿಗೆ ಇವತ್ತು ಯಾವ ವಾರ ಎಂದು ಕೇಳಿದರು. ಅಪ್ಪ ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲ ಎಂದರು. ಆಮೇಲೆ ವೈದ್ಯೆ, ಮನೆ ಯಾರದು, ಮಕ್ಕಳೆಷ್ಟು, ಈ ಕಾಗದದಲ್ಲಿ ಏನು ಬರೆಸಿದ್ದೀರಿ, ಯಾಕೆ ಎಂದು ಒಂದೊಂದಾಗಿ ಕೇಳಿದರು. ಅಪ್ಪ ಒಂದೂ ತಪ್ಪಲಿಲ್ಲ. ವೈದ್ಯೆ ಬರೆದುಕೊಡುತ್ತ, ವಾರ ಮರೆತವರು ತಮ್ಮವರನ್ನು ಮರೆತಿದ್ದಾರೆ ಎಂದೇನೂ ಅಲ್ಲ ಎಂದರು. ನಾನು ಆ ಮಾತನ್ನು ರಿಕ್ಷಾದಲ್ಲಿ ಬರುವಾಗ ಮತ್ತೆ ಮತ್ತೆ ನೆನೆದುಕೊಂಡೆ.

ರಜಿಸ್ಟ್ರಾರ್ ಕಚೇರಿಗೆ ಹೋದ ದಿನ ಅತ್ತೆಯೂ ಬಂದಳು. ಅವಳಿಗೆ ನಾವು ಏನೂ ಹೇಳಿರಲಿಲ್ಲ. ಅಪ್ಪನ ಯಾವುದೋ ಕಾಗದದ ಕೆಲಸ ಎಂದಷ್ಟೇ ಗೊತ್ತು. ಸಾಕ್ಷಿಗೆ ಎದುರು ಮನೆಯ ಗಂಡ ಹೆಂಡತಿ ಬಂದಿದ್ದರು. ನಮ್ಮ ಸರದಿ ಹನ್ನೊಂದಕ್ಕೆ ಬರಬೇಕಿತ್ತು. ಕಂಪ್ಯೂಟರ್ ನಿಂತುಹೋಗಿ ಎಲ್ಲ ಮುಂದೆ ಹೋಯಿತು. ಹನ್ನೆರಡಾಯಿತು, ಎರಡಾಯಿತು. ಉದ್ದನೆಯ ಬೆಂಚಿನ ಮೇಲೆ ಅಪ್ಪ ಅತ್ತೆಯ ಪಕ್ಕ ಕೂತಿದ್ದರು. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಸರಿಯುತ್ತ ಸರಿಯುತ್ತ ಅವರ ಚಪ್ಪಲಿಯನ್ನು ಮುಟ್ಟಿತು. ನಾನು ನೋಡುತ್ತಲೇ ಇದ್ದೆ. ಅಪ್ಪ ದೂರ ಹೋಗುತ್ತಿದ್ದರು.

"ಅಪ್ಪ ಕೆರಿಗೆ ಹೋಗ್ಯಾರೇನು?" ಎಂದು ಅತ್ತೆಯನ್ನು ಕೇಳಿದರು. ಕೇಳಿದ್ದು ಎಂದೋ ತೀರಿಹೋದ ತಮ್ಮ ತಂದೆಯ ಬಗ್ಗೆ.

"ಹೂಂ ಅಣ್ಣಾ, ಹೋಗ್ಯಾರ. ಬರ್ತಾರೀಗ," ಎಂದಳು ಅತ್ತೆ. ಅವಳು ಎಂದೂ ಅವರನ್ನು ತಿದ್ದುತ್ತಿರಲಿಲ್ಲ. ಇಬ್ಬರೂ ಪುಣೆಯ ಸರಕಾರಿ ಬೆಂಚಿನ ಮೇಲಿಂದ ಎದ್ದು ಹೋಗಿ ಎಲ್ಲೋ ತಂಪಾದ ದಂಡೆಯ ಮೇಲೆ ಕೂತವರಂತೆ ಕಾಣುತ್ತಿದ್ದರು.

ಹೆಸರು ಕೂಗಿದಾಗ ಮೂರು ಗಂಟೆ ಆಗಿತ್ತು. "ಆಜೋಬಾ, ಹೇ ಘರ ಕೋಣಾಚ?" ಅಜ್ಜಾ, ಈ ಮನೆ ಯಾರದು ಎಂದು ಅಧಿಕಾರಿ ಕೇಳಿದರು. ಅಪ್ಪ ನಕ್ಕು, ಕನ್ನಡದಲ್ಲಿ ಏನೋ ಕೆರೆಯ ವಿಷಯ ಹೇಳಿದರು. ನಾನು ಬಾಯಿ ತೆರೆದೆ. ಅಧಿಕಾರಿ ಕೈ ತೋರಿಸಿ ತಡೆದರು. ಮನೆ ಸಿಗುವವರೇ ಅವರ ಮಾತನ್ನು ಅನುವಾದಿಸಿದರೆ ಹೇಗೆ ನಡೆಯುತ್ತದೆ ಎಂದರು. ನನಗೆ ಅವಮಾನದಿಂದ ಕಣ್ಣು ತುಂಬಿತು. ಆದರೆ ಅವರದು ಸರಿಯಾದ ಮಾತು.

ಕಾಗದ ಮರಳಿ ಕೊಡುತ್ತ ಅವರು ಮೆತ್ತಗೆ ಕೇಳಿದರು, "ಇವರು ಯಾವಾಗ ಚೆನ್ನಾಗಿರುತ್ತಾರೆ?"

"ಬೆಳಿಗ್ಗೆ," ಎಂದೆ.

"ಹಾಗಾದರೆ ನಾಡಿದ್ದು ಬಾಗಿಲು ತೆಗೆಯುವ ಹೊತ್ತಿಗೆ ಬನ್ನಿ. ಮೊದಲು ಇವರದೇ."

ಆ ಎರಡು ದಿನ ನಾವು ಅಪ್ಪನನ್ನು ತುಂಬಿದ ಬಟ್ಟಲಿನಂತೆ ಕಾಪಾಡಿದೆವು. ಹೊಸ ಸುದ್ದಿ ಹೇಳಲಿಲ್ಲ, ಜೋರಾಗಿ ಮಾತಾಡಲಿಲ್ಲ. ತಮ್ಮ ರಜೆ ಹಾಕಿ ಬಂದು ಅವರ ಜೊತೆ ಮಲಗಿದ. ಆ ದಿನ ಬೆಳಿಗ್ಗೆ ಅಪ್ಪ ತಾವೇ ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, "ಲಗೂ ನಡೀರಿ, ಹೊತ್ತಾತು," ಎಂದು ನಮ್ಮನ್ನೇ ಅವಸರ ಮಾಡಿದರು. ಚಳಿಗಾಲದ ಮಂಜಿನಲ್ಲಿ ಗುಡ್ಡ ಕಾಣುತ್ತಿರಲಿಲ್ಲ. ರಿಕ್ಷಾ ಬಿಳಿಯ ಹೊಗೆಯೊಳಗೆ ತೇಲಿದ ಹಾಗೆ ಹೋಯಿತು.

ಅಧಿಕಾರಿ ಸಾಕ್ಷಿಗಳನ್ನು ಮಾತ್ರ ಒಳಗಿಟ್ಟುಕೊಂಡು ನಮ್ಮನ್ನು ಹೊರಗೆ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಅದೇ ಪ್ರಶ್ನೆ ಕೇಳಿಸಿತು.

"ಮಾಝ," ಎಂದರು ಅಪ್ಪ ಸ್ಪಷ್ಟವಾಗಿ. ನನ್ನದು. ಆಮೇಲೆ ಒಳ್ಳೆಯ ಮರಾಠಿಯಲ್ಲಿ, ನನ್ನ ನಂತರ ಮಕ್ಕಳದು, ಆದರೆ ನನ್ನ ತಂಗಿ ಬದುಕಿರುವವರೆಗೆ ಅದು ಅವಳ ಮನೆ, ಅವಳಿಲ್ಲದಿದ್ದರೆ ಈ ಮಕ್ಕಳು ದೊಡ್ಡವರಾಗುತ್ತಿರಲಿಲ್ಲ ಎಂದರು.

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದ ಅತ್ತೆಗೂ ಅದು ಕೇಳಿಸಿತು. ಅವಳು ನನ್ನ ಕಡೆ ನೋಡಿದಳು. "ಇದೇನಽ, ಯಾಕ ಇದೆಲ್ಲಾ? ನಂಗ ಬ್ಯಾಡ, ಹೇಳಿ ಬಿಡಸ್ರಿ," ಎಂದು ಏಳಲು ಹೋದಳು. ತಮ್ಮ ಅವಳ ಕೈ ಹಿಡಿದು ಕೂರಿಸಿದ.

"ಅತ್ತಿ, ನಂದೂ ಒಪ್ಪಿಗಿ ಅದ," ಎಂದ.

"ನಂದೂ," ಎಂದೆ ನಾನು. ಹೇಳಿದ ಮೇಲೆ ಅದು ನಿಜವೆಂದು ನನಗೇ ತಿಳಿಯಿತು.

ಒಳಗಿನಿಂದ ಅಪ್ಪ ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತ ಬಂದರು. ಅತ್ತೆ ಸೆರಗಿನ ತುದಿಯಿಂದ ಅದನ್ನು ಉಜ್ಜಿ ಉಜ್ಜಿ ಒರೆಸಿದಳು. ಮಸಿ ಹೋದ ಮೇಲೂ ಬಹಳ ಹೊತ್ತು ಒರೆಸುತ್ತಲೇ ಇದ್ದಳು.

ಅಪ್ಪ ಮತ್ತೊಂದು ವರ್ಷ ಇದ್ದರು. ಕೊನೆಕೊನೆಗೆ ಬೆಳಗುಗಳೂ ಮಬ್ಬಾದವು. ಒಂದು ಮುಂಜಾನೆ ಅತ್ತೆ ಚಹಾ ತೆಗೆದುಕೊಂಡು ಹೋದಾಗ ಅವರು ಏಳಲಿಲ್ಲ.

ಅಪ್ಪನ ವರ್ಷಾಂತಿಕದ ನಂತರ ಒಂದು ದಿನ ಅತ್ತೆ ಫೋನು ಮಾಡಿ, ಗೋಡೆಗೆ ಬಣ್ಣ ಹಚ್ಚಿಸುತ್ತಿದ್ದೇನೆ, ಬಂದು ನೋಡು ಎಂದಳು. ನಾನು ಹೋದಾಗ ನಡುಮನೆಯ ಸಾಮಾನೆಲ್ಲ ಹಳೆಯ ಹಾಸಿಗೆಬಟ್ಟೆಗಳ ಕೆಳಗಿತ್ತು. ಒಂದು ಗೋಡೆ ಪೂರ್ತಿ ಗಿಣಿ ಹಸಿರಾಗಿತ್ತು. ನನಗೆ ಆ ಬಣ್ಣ ಅಷ್ಟೇನೂ ಹಿಡಿಸಲಿಲ್ಲ.

"ಹೆಂಗದ?" ಎಂದಳು.

"ಜರಾ ಗಾಢ ಆತೇನೋ ಅತ್ತಿ."

"ಇರ್ಲಿ ಬಿಡು," ಎಂದಳು ಅವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗೋಡೆಯನ್ನು ನೋಡುತ್ತ. "ನಂಗ ಭಾಳ ಸೇರ್ಯದ."