ಕೋಬೆಯಿಂದ ಬಂದ ತಂತಿ

ನಮ್ಮ ಮನೆಯವರು ಜಪಾನಿಗೆ ಹೋದದ್ದು ಮಗ್ಗ ನೋಡಲು. ಯುದ್ಧಕ್ಕೆ ಇನ್ನೂ ಮೂರು ನಾಲ್ಕು ವರ್ಷ ಇತ್ತು. ಇಚಲಕರಂಜಿಯಲ್ಲಿ ಆಗಲೇ ಕರೆಂಟಿನ ಮಗ್ಗಗಳು ಓಣಿ ಓಣಿಯಲ್ಲೂ ಸದ್ದು ಮಾಡುತ್ತಿದ್ದವು. ಊರಿಗೆ ಹೊಂದಿದ ಶಹಾಪುರದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ನಮ್ಮ ಶೆಡ್ಡೂ ಇತ್ತು. ಕೆಟ್ಟ ಮಗ್ಗದ ಮೇಲೆ ಕಿವಿಯಿಟ್ಟು ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ ಎಂದು ಊರಲ್ಲಿ ಅವರಿಗೆ ಹೆಸರಿತ್ತು. ಕೊಲ್ಲಾಪುರದ ನೂಲಿನ ವ್ಯಾಪಾರಿಯೊಬ್ಬರು ಹೊಸ ಮಗ್ಗ ತರಿಸುವ ಮೊದಲು ಬಲ್ಲವರೊಬ್ಬರು ಹೋಗಿ ನೋಡಿಬರಲಿ ಎಂದು ಇವರನ್ನು ಕಳಿಸಿದರು. ಆರು ತಿಂಗಳ ಮಾತು. ನನಗೆ ಆಗ ಇಪ್ಪತ್ತಮೂರು, ಒಬ್ಬಳು ಮಗಳು.

ಶ್ರಾವಣದ ಒಂದು ಮಧ್ಯಾಹ್ನ ತಂತಿ ಬಂತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಎದುರುಮನೆಯ ಮಾಸ್ತರನ್ನು ಕರೆಸಿದೆವು. ಅವರು ಮರಾಠಿಯವರು. ಕಾಗದ ಓದಿ ಮಡಚಿ ಕೈಯಲ್ಲೇ ಹಿಡಿದುಕೊಂಡು, “ವಹಿನಿ, ಘಾಬರೂ ನಕಾ” ಎಂದರು. ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದರೆ ಗಾಬರಿಯಾಗದೆ ಇರುತ್ತದೆಯೇ. ಹೊಟ್ಟೆಯ ಆಪರೇಶನ್ ಆಗಿದೆ, ಸ್ಥಿತಿ ಕಠಿಣ, ಪತ್ರ ಬರೆಯುತ್ತೇನೆ ಎಂದಷ್ಟೇ ಅದರಲ್ಲಿತ್ತು. ಕಳಿಸಿದವರು ಕೋಬೆ ಊರಿನ ಒಬ್ಬ ಗುಜರಾತಿ ವ್ಯಾಪಾರಿ, ಇವರು ಇಳಿದುಕೊಂಡಿದ್ದ ಮನೆಯ ಯಜಮಾನ.

ಮರುದಿನ ಬೆಳಿಗ್ಗೆ ಮೈತೊಳೆದು ಪೂಜೆಗೆ ಕೂತೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಹಾಕಿದೆ, ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಏನು ಕೇಳಬೇಕೋ ತಿಳಿಯಲಿಲ್ಲ. ಕೇಳಿ, ಅದು ಸಿಗದಿದ್ದರೆ ನಾಳೆ ಇದೇ ಅಂಗೈಯನ್ನು ಹೇಗೆ ಚಾಚಲಿ ಎಂಬ ಭಯ ಹುಟ್ಟಿತು. ಹಾಗಾಗಿ ಏನೂ ಕೇಳಲಿಲ್ಲ. ದಿನದ ಪೂಜೆ ದಿನದಂತೆ ಮುಗಿಸಿ, ಮಗಳಿಗೆ ಹಾಲು ಕಾಸಲು ಎದ್ದೆ. ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಗಂಡ ಸಾವಿನ ದವಡೆಯಲ್ಲಿದ್ದಾಗ ದೇವರ ಮುಂದೆ ಬಾಯಿ ಬಿಡದ ಹೆಂಡತಿ ಎಂದರೆ ಯಾರು ತಾನೇ ಒಪ್ಪುತ್ತಿದ್ದರು.

ನಮ್ಮತ್ತೆ ಹಾಗಲ್ಲ. ಅವರಿಗೆ ಮಗ ಒಬ್ಬನೇ. ಸಂಜೆಯೊಳಗೆ ನಾಲ್ಕು ದೇವರಿಗೆ, ಒಂದು ದರ್ಗಾಕ್ಕೆ ಹರಕೆ ಹೊತ್ತಾಗಿತ್ತು. ಆದರೆ ಅವರನ್ನು ನಿಜವಾಗಿ ಮುರಿದದ್ದು ನಮ್ಮ ದೊಡ್ಡ ಮಾವನವರ ಮಾತು. ತೀರಿಹೋಗಿದ್ದ ನಮ್ಮ ಮಾವನವರ ಅಣ್ಣ ಅವರು, ಮನೆಯ ಹಿರಿಯರು. ಎಲೆ ಅಡಿಕೆ ಹಾಕಿಕೊಳ್ಳುತ್ತ, “ಹೊಟ್ಟಿ ಕೊಯ್ಯೂಮುಂದ ಮೈಮ್ಯಾಲಿಂದೆಲ್ಲಾ ತಗೀತಾರ. ಲಿಂಗಾನೂ ತಗದ ಎಲ್ಲೋ ಒಗದಿರತಾರ” ಎಂದರು.

ಕೊರಳಿಗೆ ಕಟ್ಟಿದ ಲಿಂಗ ಉಸಿರಿರುವವರೆಗೂ ಮೈ ಬಿಟ್ಟು ಅಗಲಬಾರದು ಎಂದು ನಂಬಿದ ಮನೆ ನಮ್ಮದು. ಅತ್ತೆ ಅವತ್ತಿನಿಂದ ಊಟ ಬಿಟ್ಟರು. “ನನ್ನ ಮಗಾ ಲಿಂಗ ಇಲ್ಲದ ಮಲಗ್ಯಾನ. ನಾ ಹೆಂಗ ಉಣ್ಲಿ?” ಎಂದು ಗೋಡೆಗೆ ಮುಖ ಮಾಡಿದರು. ನನಗೆ ಸಿಟ್ಟು ಬಂತು. ನಮ್ಮ ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ, ಇಲ್ಲಿ ಲಿಂಗದ ಲೆಕ್ಕ ನಡೆದಿದೆಯಲ್ಲ ಎಂದು. ಆ ಸಿಟ್ಟು ತಪ್ಪು ಎಂದು ಈಗ ತಿಳಿದಿದೆ. ಮಗನನ್ನು ಮುಟ್ಟಲು ಅವರಿಗೆ ಉಳಿದಿದ್ದ ದಾರಿ ಅದೊಂದೇ.

ಮೂರನೆಯ ದಿನ ಸುದ್ದಿ ತಿಳಿದು ನನ್ನ ತವರು ಗಡಹಿಂಗ್ಲಜದಿಂದ ನಮ್ಮಪ್ಪ ಬಂದರು. ಮಳೆಯಲ್ಲಿ ನೆನೆದ ಕೊಡೆಯನ್ನು ಮೂಲೆಗೆ ಒರಗಿಸಿ, ಅತ್ತೆಯನ್ನೂ ನನ್ನನ್ನೂ ನೋಡಿ, “ಇಲ್ಲೇ ಕುಂತು ಏನ್ ಮಾಡ್ತೀರಿ? ಮದ್ಲ ಕೊಲ್ಲಾಪುರಕ್ಕ ಹೋಗಿ ತಾರ ಮಾಡೂನು. ಆಮ್ಯಾಲ ನಮ್ಮೂರಿಗೆ ಬರ್ರಿ” ಎಂದರು. ಮಗಳನ್ನು ಮಾಸ್ತರರ ಹೆಂಡತಿಗೆ ಒಪ್ಪಿಸಿ ಹೊರಟೆವು.

ಕೊಲ್ಲಾಪುರದ ತಂತಿ ಆಫೀಸಿನಲ್ಲಿ ಗುಮಾಸ್ತರು ಏನು ಬರೆಯಲಿ ಎಂದು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. “ಹೆಂಗದಾರ ಅಂತ ಕೇಳ್ರಿ” ಎಂದೆ. ಅವರು ಬರೆದುಕೊಳ್ಳುತ್ತಿದ್ದಂತೆ, “ಮಗಳು ಆರಾಮ ಅದಾಳ ಅಂತನೂ ಹಾಕ್ರಿ” ಎಂದೆ. ಅಲ್ಲಿಂದ ಅಪ್ಪನ ಪರಿಚಯದ ಡಾಕ್ಟರ ಬಳಿ ಹೋದೆವು. ಅವರು ಮೊದಲ ತಂತಿಯನ್ನು ನೋಡಿ, ಕರುಳಿಗೆ ಅಂಟಿಕೊಂಡ ಸಣ್ಣ ಬಾಲದಂಥದ್ದು ಬಾತು ಒಡೆದಿರಬಹುದು ಎಂದರು. “ಕೀವು ಹೊಟ್ಟೀ ತುಂಬ ಹಬ್ಬಿದ್ರ ತ್ರಾಸು. ಹತ್ತು ಹನ್ನೆರಡು ದಿನಾ ದಾಟಿದ್ರಂದ್ರ ಉಳದ್ರು ಅಂತ ತಿಳೀರಿ. ನಾ ಸುಳ್ಳ ಧೈರ್ಯ ಹೇಳೂದಿಲ್ಲವ್ವಾ.” ಆ ಮಾತಿನಿಂದ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಕೊನೆಗೂ ಒಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಗಡಹಿಂಗ್ಲಜಕ್ಕೆ ಮೋಟಾರಿನಲ್ಲಿ ಹೋಗುವಾಗ ಅತ್ತೆ ಉಪವಾಸಕ್ಕೆ ಬಳಲಿ ನನ್ನ ಭುಜಕ್ಕೆ ತಲೆಯಿಟ್ಟರು. ಮದುವೆಯಾಗಿ ಆರು ವರ್ಷದಲ್ಲಿ ಅವರು ನನ್ನನ್ನು ಹಾಗೆ ಆತುಕೊಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಪ್ಪ ನಮ್ಮನ್ನು ತಮ್ಮ ಮಠದ ಸ್ವಾಮಿಗಳಾದ ಅಜ್ಜನವರ ಬಳಿಗೆ ಕರೆದೊಯ್ದರು. ವಯಸ್ಸಾದವರು. ಮಠದ ಹಿತ್ತಲಲ್ಲಿ ಗೋವಿನ ಕಾಲಿನ ಹುಣ್ಣಿಗೆ ಎಣ್ಣೆ ಹಚ್ಚುತ್ತಿದ್ದರು. ಅತ್ತೆ ಅಡ್ಡಬಿದ್ದು ಎಲ್ಲವನ್ನೂ ಹೇಳಿಕೊಂಡರು. ಅಜ್ಜನವರು ಕೈ ಒರೆಸಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತರು.

“ಅವನ ಲಿಂಗ ಅವನ ಕೂಡ ಐತೋ ಇಲ್ಲೋ, ನನಗೂ ಗೊತ್ತಿಲ್ಲವಾ. ನಿಂದು ನಿನ್ನ ಕೊಳ್ಳಾಗ ಐತೆಲ್ಲ?”

“ಐತ್ರಿ.”

“ಮೂರು ದಿನಾ ಆತು, ಅದಕ್ಕ ನೀರ ಹಾಕೀಯೇನು?”

ಅತ್ತೆ ತಲೆ ತಗ್ಗಿಸಿದರು. ದುಃಖದಲ್ಲಿ ಅವರು ಪೂಜೆಯನ್ನೂ ಬಿಟ್ಟಿದ್ದರು.

“ಹಂಗಾದ್ರ ಮದ್ಲ ಇದನ್ನ ನೋಡು. ಎಚ್ಚರ ಇಲ್ಲದಾಗ ಅವನ ಉಸರನ್ನ ಯಾರು ಹಿಡಕೊಂಡಿದ್ರೋ, ಲಿಂಗಾನೂ ಅವರ ಹಿಡಕೊಂಡಿರತಾರ. ಹೋಗು, ಪೂಜಿ ಮಾಡಿ ಉಣ್ಣು.”

ನನ್ನ ಕಡೆ ತಿರುಗಿ, “ನೀ ಏನ್ ಬೇಡಕೊಂಡಿ?” ಎಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಏನೂ ಬೇಡಕೊಂಡಿಲ್ಲರೀ. ಬರೇ ಪೂಜಿ ಮಾಡಾಕತ್ತೇನಿ” ಎಂದೆ. ಅವರು “ಅದನ್ನ ಬಿಡಬ್ಯಾಡ” ಎಂದಷ್ಟೇ ಹೇಳಿ ಗೋವಿನ ಕಡೆ ಹೋದರು. ಮಧ್ಯಾಹ್ನ ತವರಿನ ಅಡುಗೆಮನೆಯಲ್ಲಿ ಅತ್ತೆ ಜೋಳದ ನುಚ್ಚು ಮಜ್ಜಿಗೆ ಉಂಡರು. ನಾನೂ ಉಂಡೆ.

ನಾವು ಇಚಲಕರಂಜಿಗೆ ಮರಳಿದ ಎರಡು ದಿನಕ್ಕೆ ಉತ್ತರ ಬಂತು. ಜ್ವರ ಇದೆ, ನಿಧಾನವಾಗಿ ಸುಧಾರಿಸುತ್ತಿದ್ದಾರೆ ಎಂದು. ಮತ್ತೊಂದು ವಾರಕ್ಕೆ, ಅಪಾಯ ಕಳೆಯಿತು ಎಂದು ಇನ್ನೊಂದು. ಆ ದಿನ ಶೆಡ್ಡಿನಲ್ಲಿ ಅರ್ಧ ದಿನ ಮಗ್ಗ ನಿಲ್ಲಿಸಿ ನೇಕಾರರಿಗೆಲ್ಲ ಬೆಲ್ಲ ಹಂಚಿದೆವು.

ಅವರದೇ ಕೈಬರಹದ ಪತ್ರ ಹಡಗಿನಲ್ಲಿ ಬರಲು ಒಂದು ತಿಂಗಳ ಮೇಲಾಯಿತು. ಪೆನ್ಸಿಲಿನಲ್ಲಿ ಬರೆದ ಕನ್ನಡ, ಸಾಲುಗಳು ಕೆಳಕ್ಕೆ ಜಾರಿದ್ದವು. ಅತ್ತೆ, ದೊಡ್ಡ ಮಾವ ಇಬ್ಬರನ್ನೂ ಕೂರಿಸಿ ನಾನೇ ಓದಿದೆ. ಆಪರೇಶನ್ನಿಗೆ ಮೊದಲು ಡಾಕ್ಟರು ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ತೋರಿಸಿ ತೆಗೆಯಬೇಕು ಎಂದು ಸನ್ನೆ ಮಾಡಿದರಂತೆ. ಗುಜರಾತಿ ಯಜಮಾನರನ್ನು ಒಳಗೆ ಬಿಟ್ಟಿರಲಿಲ್ಲ. ಇವರು ಮಾತು ಬಾರದೆ ಬರೀ ಕೈ ಮುಗಿದರಂತೆ. ಆಗ ಅಲ್ಲಿದ್ದ ವಯಸ್ಸಾದ ನರ್ಸಬಾಯಿ ಡಾಕ್ಟರಿಗೆ ಏನೋ ಹೇಳಿ, ಮತ್ತೊಮ್ಮೆ ಕೈ ತೊಳೆದುಕೊಂಡು ಬಂದು, ದಾರ ಬಿಚ್ಚಿ, ಲಿಂಗವಿದ್ದ ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಇವರ ಅಂಗೈಯಲ್ಲಿಟ್ಟು ಬೆರಳು ಮಡಚಿ, ಮೇಲೆ ಬ್ಯಾಂಡೇಜು ಕಟ್ಟಿದಳಂತೆ. ಎಚ್ಚರವಾದಾಗ ಮುಷ್ಟಿ ಕಟ್ಟಿದ ಹಾಗೇ ಇತ್ತು ಎಂದು ಬರೆದಿದ್ದರು.

ಅತ್ತೆ ಇನ್ನೊಮ್ಮೆ ಓದಿಸಿದರು. ದೊಡ್ಡ ಮಾವನವರು ಗಂಟಲು ಸರಿಮಾಡಿಕೊಂಡು, “ಆ ಬಾಯಿ ಯಾವ ಜಾತ್ಯಾಕಿನೋ ಏನೋ. ಬಂದಮ್ಯಾಲ ಮತ್ತೊಮ್ಮಿ ದೀಕ್ಷಾ ಕೊಡಸಬೇಕಾಗತೈತಿ” ಎಂದರು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಕೈ ತೊಳಕೊಂಡಿದ್ಳಂತ. ಅಷ್ಟ ಸಾಕು” ಎಂದರು. ಗಂಡನ ಅಣ್ಣನಿಗೆ ಅವರು ಎದುರು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು.

ತಂತಿ ಬರುವ ಹಿಂದಿನ ದಿನ, ನಮ್ಮ ಮನೆಯವರು ಆಪರೇಶನ್ ಮೇಜಿನ ಮೇಲೆ ಮಲಗಿದ್ದಾಗ, ನಾನು ಏನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ನೆನೆಸಿಕೊಳ್ಳಲು ನೋಡಿದ್ದೇನೆ. ಮೆಣಸಿನಕಾಯಿ ಒಣಗಲಿಲ್ಲವೆಂದು ಆಳಿನ ಮೇಲೆ ರೇಗಿದ್ದು ಬಿಟ್ಟರೆ ಬೇರೇನೂ ನೆನಪಿಗೆ ಬರುವುದಿಲ್ಲ.

ದೀಪಾವಳಿ ಕಳೆದು ಅವರು ನಮ್ಮೂರಿಗೆ ಹತ್ತಿರದ ಹಾತಕಣಂಗಲೆ ಸ್ಟೇಶನ್ನಿನಲ್ಲಿ ಇಳಿದರು. ಮೈ ಅರ್ಧವಾಗಿತ್ತು, ಒಂದು ಕೈ ಹೊಟ್ಟೆಯ ಬಲಗಡೆ ಒತ್ತಿ ಹಿಡಿದಿದ್ದರು. ಮಗಳು ಗುರುತು ಸಿಗದೆ ನನ್ನ ಹಿಂದೆ ಅಡಗಿದಳು. ಕೆಲವು ದಿನ ಬಿಟ್ಟು, ಹಿತ್ತಲಲ್ಲಿ ಇಬ್ಬರೇ ಕೂತಿದ್ದಾಗ, ನಾನು ದೇವರಲ್ಲಿ ಏನೂ ಬೇಡಿಕೊಳ್ಳಲಿಲ್ಲವೆಂದು ಹೇಳಿಬಿಟ್ಟೆ. ಅವರು ನೊಂದುಕೊಳ್ಳಬಹುದು ಎಂದುಕೊಂಡಿದ್ದೆ.

“ನಾನೂ ಬೇಡಲಿಲ್ಲ” ಎಂದರು. “ಭಾಳ ನೀರಡಿಕಿ ಆಗಿತ್ತು. ನೀರಿಗೆ ಅವರ ಮಾತಿನ್ಯಾಗ ಏನಂತಾರ ಅನ್ನೂದ ನೆನಪಾಗಲಿಲ್ಲ. ಅದ ವಿಚಾರದಾಗ ಕಣ್ಣ ಮುಚ್ಚಿದೆ.” ಇಬ್ಬರೂ ನಕ್ಕೆವು. ನಗುವಾಗ ಅವರಿಗೆ ಗಾಯ ಇನ್ನೂ ನೋಯುತ್ತಿತ್ತು.

ಗುಜರಾತಿ ಯಜಮಾನರ ಮೂಲಕ ಆ ನರ್ಸಬಾಯಿಗೆ ಇಲ್ಲಿಯ ಒಂದು ಸೀರೆ ಕಳಿಸಿದೆವು. ತಲುಪಿತು ಎಂದು ಬರೆದರು. ಆಮೇಲೆ ಯುದ್ಧ ಬಂತು, ಜಪಾನು ವೈರಿಯಾಯಿತು, ಪತ್ರಗಳು ನಿಂತವು. ಕೊನೆಯ ವರ್ಷ ಕೋಬೆಯ ಮೇಲೆ ಬೆಂಕಿಯ ಬಾಂಬು ಬಿದ್ದ ಸುದ್ದಿಯನ್ನು ಮಾಸ್ತರು ಪೇಪರಿನಲ್ಲಿ ಓದಿ ಹೇಳಿದರು. ಅತ್ತೆಗೆ ಆಗ ಕಣ್ಣು ಮಂಜಾಗಿತ್ತು. “ಆ ಬಾಯಿ ಅದಾಳೋ ಇಲ್ಲೋ?” ಎಂದು ಮಗನನ್ನು ಕೇಳಿದರು.

“ಗೊತ್ತಿಲ್ಲವ್ವಾ” ಎಂದರು ನಮ್ಮ ಮನೆಯವರು.

ಮರುದಿನ ಪೂಜೆಗೆ ಕೂತಾಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನಾನು ಬಾಯಿಬಿಟ್ಟು ಬೇಡಿಕೊಂಡೆ.