ಟವಲಿನ ರೂಲು

ಇದನ್ನು ಬರೆಯಬೇಕೆಂದು ನಾನು ಕೂತದ್ದು ಇದೇ ಮೊದಲಲ್ಲ. ಒಂದು ಸಲ ಕನ್ನಡಕ ಸರಿಯಿಲ್ಲವೆಂದು ಎದ್ದುಬಿಟ್ಟೆ. ಇನ್ನೊಂದು ಸಲ ಹಸು ಕರು ಹಾಕಿತು. ಮತ್ತೊಂದು ಸಲ ಮೊಣಕಾಲು ನೋವು. ಮೊಣಕಾಲಿಗೂ ಬರವಣಿಗೆಗೂ ಏನು ಸಂಬಂಧ ಎಂದು ನೀವು ಕೇಳಬಾರದು. ಹೇಳಬಾರದ್ದನ್ನು ಒಳಗಿಟ್ಟುಕೊಂಡವನಿಗೆ ಮೈಯಲ್ಲಿ ಯಾವ ಭಾಗ ಬೇಕಾದರೂ ನೋಯುತ್ತದೆ. ಹೀಗೆ ನೆಪ ಹುಡುಕುತ್ತಲೇ ನಲವತ್ತೈದು ವರ್ಷ ಕಳೆದೆ. ಹೋದ ಭಾನುವಾರ ಶ್ರೀನಿವಾಸಪುರದ ಮೈದಾನದಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದಾಗಿ ಇನ್ನು ನೆಪಗಳು ಉಳಿದಿಲ್ಲ.

ಅಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯ. ನನ್ನ ಮೊಮ್ಮಗಳು ಚೈತ್ರ, ಒಂಬತ್ತನೇ ಕ್ಲಾಸು, ಮುಂದಿನ ಸಾಲಿನಲ್ಲಿ ಆಡುತ್ತಾಳೆ. ಇವರ ತಂಡ ಒಂದು ಗೋಲು ಹಿಂದಿತ್ತು. ಕೊನೆಯ ಗಳಿಗೆಯಲ್ಲಿ ಕಾರ್ನರ್ ಸಿಕ್ಕಿತು. ಮೂಲೆಯಿಂದ ಚೆಂಡು ಎದ್ದು ನೇರವಾಗಿ ಇವಳ ತಲೆಯ ಕಡೆಗೇ ಬಂತು. ಇವಳು ಏನು ಮಾಡಬೇಕು? ಎಗರಬೇಕು ತಾನೇ? ಎಗರಲಿಲ್ಲ. ಹಣೆಗೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಗಡಿಬಿಡಿಯಲ್ಲಿ ಕಿತ್ತು, ಆಚೆ ಎಸೆದು, ಆಮೇಲೆ ಎಗರಿದಳು. ಅಷ್ಟರಲ್ಲಿ ಚೆಂಡು ಎದುರು ತಂಡದವರ ಕಾಲು ಸೇರಿತ್ತು. ಪಂದ್ಯವೂ ಮುಗಿಯಿತು.

ರೆಫರಿ ಹುಡುಗ ಒಳ್ಳೆಯವನು. ಹತ್ತಿರ ಬಂದು ಕೇಳಿದ: "ಏನಮ್ಮ, ಬಾಲ್ ಬರೋ ಹೊತ್ತಲ್ಲಿ ಅದನ್ಯಾಕೆ ತೆಗ್ದೆ?"

"ರೂಲು ಸಾರ್. ತಲೆ ಮೇಲೆ ಬಟ್ಟೆ ಇದ್ರೆ ಹೆಡ್ ಮಾಡಿದ್ ಗೋಲು ಗೋಲಲ್ಲ."

"ಯಾವ ಊರಿನ ರೂಲಮ್ಮ ಇದು? ಯಾರ್ ಹೇಳಿದ್ದು?"

"ನಮ್ ತಾತ ಸಾರ್. ಅವ್ರೂ ರೆಫರಿನೇ. ಅಲ್ಲಿದ್ದಾರೆ ನೋಡಿ."

ರೆಫರಿ ನಕ್ಕುಬಿಟ್ಟ. ಎಲ್ಲರೂ ತಿರುಗಿ ನೋಡಿದರು. ನಾನು ಮೈದಾನದ ಅಂಚಿನ ಮಾವಿನ ಮರವನ್ನು ನೋಡುತ್ತಿದ್ದೆ. ಹಣ್ಣಿಲ್ಲದ ಕಾಲದಲ್ಲಿ ಮಾವಿನ ಮರವನ್ನು ಅಷ್ಟು ಆಸಕ್ತಿಯಿಂದ ನೋಡಿದವನು ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನಮ್ಮೂರು ಕೋಲಾರದ ಕ್ಯಾಲನೂರಿಗೆ ಹತ್ತಿರ. ಹಾಲು, ರೇಷ್ಮೆ, ಟೊಮೆಟೊ, ಮಿಕ್ಕ ಹೊತ್ತಿನಲ್ಲಿ ಕ್ರಿಕೆಟ್ಟು. ಆದರೆ ವರ್ಲ್ಡ್ ಕಪ್ ಬಂದಾಗ ಬೆಳಗಿನ ಹಾಲಿನ ಹೊತ್ತಿಗೆ ನಮ್ಮ ಡೈರಿಯ ಮುಂದೆ ಬಂದು ನೋಡಿ. ಕ್ಯಾನಿನ ಮುಚ್ಚಳಕ್ಕೆ ಮೊಬೈಲು ಒರಗಿಸಿಟ್ಟುಕೊಂಡು ಹತ್ತು ಜನ ಬಗ್ಗಿರುತ್ತಾರೆ. ಹಾಲು ಅಳೆಯುವವನೂ ಬಗ್ಗಿರುತ್ತಾನೆ. ಒಂದು ದಿನ ನಮ್ಮ ನಂಜುಂಡಪ್ಪ, "ಅರ್ಜೆಂಟೀನ, ಅರ್ಜೆಂಟೀನ ಅಂತ ಬಡ್ಕೋತೀರಲ್ಲ, ಎಲ್ಲಿದೆಯೋ ಅದು?" ಎಂದ. ಕೂಗುತ್ತಿದ್ದವನು ತಲೆಯೆತ್ತದೆ, "ನಂಗಲಿ ಚೆಕ್‌ಪೋಸ್ಟ್ ಆಚೆ ಕಣಣ್ಣ, ಸುಮ್ನೆ ನೋಡು" ಎಂದ. ಮುಳಬಾಗಿಲು ದಾಟಿ ನಂಗಲಿ ಕಳೆದರೆ ಆಂಧ್ರ. ಅದರಾಚೆಗಿನದೆಲ್ಲ ನಮ್ಮವರಿಗೆ ಒಂದೇ. ಹಾಗೆ ನೋಡಿದರೆ ಅವನು ಹೇಳಿದ್ದು ಸುಳ್ಳೂ ಅಲ್ಲ.

ಎಲ್ಲಿಯ ಕಡಲಾಚೆಯ ದೇಶ, ಎಲ್ಲಿಯ ನಮ್ಮ ಹಾಲಿನ ಕ್ಯಾನು. ಆದರೂ ಅಲ್ಲಿ ಗೋಲಾದರೆ ಇಲ್ಲಿ ಹಾಲು ಚೆಲ್ಲುತ್ತದೆ. ಯಾಕೆಂದರೆ ಅಲ್ಲಿಯ ಆಟ ಇಲ್ಲಿಯವನಿಗೆ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. ಇದು ತಾನಾಗಿ ಆದದ್ದಲ್ಲ. ಎರಡು ಸಾವಿರ ವರ್ಷದ ಹಿಂದೆಯೇ ಚೀನಾದವರು ತೊಗಲಿನ ಚೆಂಡಿಗೆ ಪುಕ್ಕ ತುಂಬಿ ಒದೆಯುತ್ತಿದ್ದರಂತೆ. ಇಂಗ್ಲೆಂಡಿನಲ್ಲಿ ಒಂದು ಊರಿಗೆ ಊರೇ ಇನ್ನೊಂದು ಊರಿನ ಮೇಲೆ ಬಿದ್ದು ಆಡುತ್ತಿತ್ತಂತೆ. ಚೆಂಡಿಗಿಂತ ಹೆಚ್ಚು ಏಟು ಮನುಷ್ಯರಿಗೇ ಬೀಳುತ್ತಿತ್ತು. ಆಮೇಲೆ ಅಲ್ಲಿಯ ಶಾಲೆಗಳು ಹಿಡಿದುಕೊಂಡವು. ಒಂದೊಂದು ಶಾಲೆಗೂ ಒಂದೊಂದು ರೂಲು. ಒಂದರಲ್ಲಿ ಕೈಯಲ್ಲಿ ಎತ್ತಿಕೊಂಡು ಓಡಬಹುದು, ಇನ್ನೊಂದರಲ್ಲಿ ಕೂಡದು. ಜಗಳವೋ ಜಗಳ. ಕೊನೆಗೆ ಕೆಲವರು ಲಂಡನ್ನಿನ ಒಂದು ಹೋಟೆಲಿನಲ್ಲಿ ಕೂತು, ವಾದ ಮಾಡಿ, ಒಂದೇ ಪುಸ್ತಕ ಬರೆದರು. ಹಡಗಿನವರು, ರೈಲಿನವರು, ಸಿಪಾಯಿಗಳು ಚೆಂಡನ್ನೂ ಪುಸ್ತಕವನ್ನೂ ದೇಶದೇಶಕ್ಕೆ ಹೊತ್ತರು. ನಮ್ಮ ಜಿಲ್ಲೆಗೆ ಚಿನ್ನದ ಗಣಿಯ ದೊರೆಗಳ ಜೊತೆ ಬಂತು. ಲೋಕವೆಲ್ಲ ಈ ಆಟಕ್ಕೆ ಮರುಳಾಗಿದ್ದರೆ ಅದಕ್ಕೆ ಕಾರಣ ಬಡವನೂ ಒದೆಯಬಲ್ಲ ಒಂದು ಚೆಂಡು, ಎಲ್ಲರೂ ನಂಬುವ ಒಂದು ಪುಸ್ತಕ, ಇಷ್ಟೇ.

ಆ ಪುಸ್ತಕದ ಒಂದು ಪ್ರತಿ ನನ್ನ ಕೈ ಸೇರಿದ್ದೇ ಅನರ್ಥಕ್ಕೆ ಮೂಲ.

ನಮ್ಮ ಸೋದರಮಾವ ಗಣಿಯ ಕಡೆ ಗುಮಾಸ್ತರಾಗಿದ್ದರು. ಯಾರೋ ದೊರೆ ಊರು ಬಿಡುವಾಗ ಎಸೆದ ಕಾಗದಗಳ ನಡುವೆ ಅದು ಸಿಕ್ಕಿತಂತೆ, ಒಂದು ಸೀಟಿಯೂ ಜೊತೆಗೆ. ಎರಡನ್ನೂ ನನಗೆ ಕೊಟ್ಟರು. ನಾನು ಆಗ ಊರಿನಲ್ಲಿ ಹತ್ತನೇ ಕ್ಲಾಸು ಪಾಸಾಗಿದ್ದ ಕೆಲವೇ ಜನರಲ್ಲಿ ಒಬ್ಬ. ಇಂಗ್ಲಿಷಿನಲ್ಲಿ ಮೂವತ್ತೇಳು ಅಂಕ. ಆಟದಲ್ಲಿ ಅಷ್ಟೂ ಇಲ್ಲ. ಓಡಿದರೆ ಎಡಗಾಲಿಗೆ ಬಲಗಾಲು ಅಡ್ಡ ಬರುತ್ತಿತ್ತು. ಹೀಗಾಗಿ ನಾನೇ ರೆಫರಿ. ಊರಿನವರು ಅಂಪೈರು ಎನ್ನುತ್ತಿದ್ದರು. ಪುಸ್ತಕದಲ್ಲಿ ನನಗೆ ಅರ್ಥವಾಗಿದ್ದು ಅರ್ಧ. ಉಳಿದರ್ಧವನ್ನು ಮುಖ ಗಂಟಿಕ್ಕಿಕೊಂಡು ತೂಗಿಸುತ್ತಿದ್ದೆ. ಅದನ್ನು ಅಂಗಿಯ ಜೇಬಿನಲ್ಲಿ ಅರ್ಧ ಕಾಣುವಂತೆ ಇಟ್ಟುಕೊಂಡು ನಡೆದರೆ ದೊಡ್ಡವರೂ ದಾರಿ ಬಿಡುತ್ತಿದ್ದರು.

ಆ ಬೇಸಿಗೆ ನಮ್ಮೂರ ಕೆರೆ ಒಣಗಿತ್ತು. ಕೆರೆಯಂಗಳದಲ್ಲಿ ನೀಲಗಿರಿ ಕಂಬ ನೆಟ್ಟು, ಮೇಲೆ ಹಗ್ಗ ಕಟ್ಟಿ, ನಾಲ್ಕು ತಾಲ್ಲೂಕಿನ ತಂಡಗಳನ್ನು ಕರೆದು ಪಂದ್ಯ ಇಟ್ಟೆವು. ಫೈನಲಿಗೆ ನಾವೂ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಕೆಲಸ ಮಾಡುವವರ ತಂಡವೂ ಬಂದೆವು. ಅವರಲ್ಲಿ ಒಬ್ಬನಿದ್ದ. ಎಲ್ಲರೂ ಅವನನ್ನು ಟವಲಣ್ಣ ಎನ್ನುತ್ತಿದ್ದರು. ತಲೆಯ ಮೇಲೆ ಟವಲಿನ ಸಿಂಬೆಯಿಟ್ಟು ದಿನವೆಲ್ಲ ಇಟ್ಟಿಗೆ ಹೊರುವವನು; ಆಟಕ್ಕೆ ಬಂದಾಗಲೂ ಆ ಟವಲನ್ನು ತಲೆಗೆ ಸುತ್ತಿಕೊಂಡೇ ಇರುತ್ತಿದ್ದ. ಅವನ ಕುತ್ತಿಗೆ ನೋಡಬೇಕಿತ್ತು ನೀವು. ಚೆಂಡು ಎಷ್ಟೇ ಮೇಲಿಂದ ಬರಲಿ, ನಿಧಾನವಾಗಿ ಎದ್ದು, ತಲೆಯಿಂದ ಅದನ್ನು ಬೇಕಾದ ಕಡೆಗೆ ಇಟ್ಟಿಗೆ ಜೋಡಿಸಿದಂತೆ ಇಡುತ್ತಿದ್ದ.

ಪಂದ್ಯ ಮುಗಿಯಲು ಇನ್ನು ಕೆಲವೇ ನಿಮಿಷ, ಎರಡೂ ಕಡೆ ಗೋಲಿಲ್ಲ. ಅವರಿಗೆ ಕಾರ್ನರ್ ಸಿಕ್ಕಿತು. "ಕೊಟ್ರಾ, ಕೊಟ್ರಾ" ಎಂದು, ಅಂದರೆ ಹೊಡಿಯೋ ಎಂದು, ಅವರ ಕಡೆಯವರು ತೆಲುಗಿನಲ್ಲಿ ಹುರಿದುಂಬಿಸುತ್ತಿದ್ದರು. ಟವಲಣ್ಣ ಎದ್ದ. ಎಂಟು ಜನರ ತಲೆಗಳ ಮೇಲೆ ಒಂದು ಕೆಂಪು ಧೂಳಿನ ಟವಲು ಮಾತ್ರ ಕಂಡಿತು. ನಮ್ಮ ಗೋಲ್‌ಕೀಪರ್ ಕದಲಲೂ ಇಲ್ಲ. ಅಂಥ ಗೋಲನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಗೋಲೆಂದು ಊದಲು ಸೀಟಿಯನ್ನು ಬಾಯಿಗಿಟ್ಟಿದ್ದೆ.

ಆಗ ನಮ್ಮೂರಿನ ಗುಂಪಿನಿಂದ ಒಂದು ದನಿ ಬಂತು: "ಥೂ, ಇಟ್ಟಿಗೆ ಹೊರೋರ ಕೈಲಿ ಸೋತ್ವಲ್ಲೋ." ಅದರ ಹಿಂದೆಯೇ ಇನ್ನೊಂದು, ನನ್ನ ದೊಡ್ಡಪ್ಪನದು: "ಏನ್ಲಾ ಅಂಪೈರು, ಆ ಬುಕ್ಕು ಯಾಕ್ಲಾ ಇಟ್ಕೊಂಡಿದ್ದೀಯ, ಬೀಸ್ಕೊಳ್ಳೋಕಾ?"

ನಾನು ಸೀಟಿ ಊದಿ ಕೈ ಅಡ್ಡ ಆಡಿಸಿದೆ. ಪುಸ್ತಕ ತೆಗೆದೆ. ಹಾಳೆ ತಿರುವಿದೆ. ಮೂಲೆಯ ಬಾವುಟದ ಕಂಬ ಎಷ್ಟೆತ್ತರ ಇರಬೇಕು ಎಂದು ಬರೆದಿದ್ದ ಸಾಲುಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ಕನ್ನಡದಲ್ಲಿ ಅರ್ಥ ಹೇಳಿದೆ: "ತಲೆಯ ಮೇಲೆ ಬಟ್ಟೆ ಇಟ್ಟುಕೊಂಡು ತಲೆಯಿಂದ ಹೊಡೆದ ಗೋಲು ಗೋಲಲ್ಲ."

ಜಗಳವಾಗುತ್ತದೆ ಎಂದುಕೊಂಡಿದ್ದೆ. ಆಗಿದ್ದರೆ ಒಳ್ಳೆಯದಿತ್ತು. ಟವಲಣ್ಣ ಹತ್ತಿರ ಬಂದ. "ಯಾವ ಸಾಲು ಸಾರ್, ಒಸಿ ತೋರಿಸ್ತೀರಾ?" ಎಂದ. ಬಾವುಟದ ಸಾಲು ತೋರಿಸಿದೆ. ಅವನಿಗೆ ಓದು ಬರದು. ಬಗ್ಗಿ ನೋಡಿದ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ತಪ್ಪಾಯ್ತು ಸಾರ್. ನಂಗೆ ರೂಲು ಗೊತ್ತಿರ್ಲಿಲ್ಲ" ಎಂದ. ತಿರುಗಿ ತನ್ನವರಿಗೆ, "ಎಲ್ರೂ ಬಿಚ್ರೋ, ಬುಕ್ಕಲ್ಲಿದೆಯಂತೆ" ಎಂದು ಕೂಗಿದ. ಅವರು ಇನ್ನೂ ತಲೆಯ ಬಟ್ಟೆ ಬಿಚ್ಚುತ್ತಿರುವಾಗಲೇ ನಮ್ಮವರು ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದರು. ನಾನು ಅದಕ್ಕೆ ಸೀಟಿ ಊದಿದೆ. ಊರಿಗೆ ಕಪ್ ಬಂತು. ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಹೊತ್ತರು.

ಸುಳ್ಳು ಅಲ್ಲಿಗೇ ನಿಂತಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಆ ಗೂಡಿನವರು ಪ್ರಾಮಾಣಿಕರು. ಹೋದಲ್ಲೆಲ್ಲ ಈ ರೂಲನ್ನು ಹೇಳಿದರು. ಮರುವರ್ಷ ಮುಳಬಾಗಿಲಿನಲ್ಲಿ ನಾನು ಕಂಡೇ ಇಲ್ಲದ ರೆಫರಿಯೊಬ್ಬ ಇದೇ ಕಾರಣಕ್ಕೆ ಒಂದು ಗೋಲು ರದ್ದು ಮಾಡಿದ. ಆಮೇಲಾಮೇಲೆ ಕಾರ್ನರ್ ಆಯಿತೆಂದರೆ ಸಾಕು, ಆಟಗಾರರೆಲ್ಲ ತಲೆಯ ಟವಲು, ಟೋಪಿ, ಕರ್ಚೀಫು ಕಿತ್ತು ಕಂಬದ ಬುಡಕ್ಕೆ ಎಸೆಯುತ್ತಿದ್ದರು. ಗೋಲಿನ ಪಕ್ಕ ಅಗಸರ ಗಂಟು ಬಿಚ್ಚಿದಂತಿರುತ್ತಿತ್ತು. ಜನಕ್ಕೆ ಅದೇ ಒಂದು ಖುಷಿ. "ಟವಲ್ ಬಿತ್ತು, ಟವಲ್ ಬಿತ್ತು" ಎಂದು ಕೇಕೆ ಹಾಕುತ್ತಿದ್ದರು. ನನಗೆ ಒಳಗೇ ನಗು ಬರುತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಲಂಡನ್ನಿನಲ್ಲಿ ಅಷ್ಟು ಜನ ಕೂತು ಮಾಡಿದ ಕೆಲಸವನ್ನು ನಾನು ಕೆರೆಯಂಗಳದಲ್ಲಿ ಒಬ್ಬನೇ ನಿಂತು ಮಾಡಿದ್ದೆನಲ್ಲ.

ಎರಡು ವರ್ಷದ ಮೇಲೆ ಮಾಲೂರು ಸ್ಟೇಷನ್ನಿನಲ್ಲಿ ಬೆಂಗಳೂರು ಗಾಡಿಗೆ ಕಾಯುತ್ತಿದ್ದೆ. "ನಮಸ್ಕಾರ ಸಾರ್, ಗುರ್ತು ಸಿಕ್ತಾ?" ಎಂದು ಯಾರೋ ಎದುರಿಗೆ ನಿಂತರು. ಅವನೇ. ಟವಲು ಹೆಗಲ ಮೇಲಿತ್ತು. ಹಣೆಯ ಮೇಲೆ ಉದ್ದಕ್ಕೆ ಒಂದು ಗಾಯದ ಗುರುತು.

"ಹಣೇಗೇನಾಯ್ತು?" ಎಂದೆ.

"ಬಾಲಿನ ಲೇಸು ಸಾರ್." ಆಗಿನ ತೊಗಲಿನ ಚೆಂಡಿಗೆ ಬಾಯಿ ಹೊಲಿದ ದಾರದ ಗಂಟು ಹೊರಗೇ ಇರುತ್ತಿತ್ತು. "ಮಳೆ ನೀರು ಕುಡ್ದು ಬಾಲು ಕಲ್ಲಾಗಿತ್ತು. ಬರಿ ತಲೇಲಿ ಕೊಟ್ಟೆ. ಮೂರು ಹೊಲಿಗೆ ಬಿತ್ತು. ಮೊದ್ಲಾಗಿದ್ರೆ ಟವಲ್ ತಡೀತಿತ್ತು. ಏನ್ ಮಾಡೋದು, ರೂಲು ರೂಲೇ ಅಲ್ವಾ ಸಾರ್." ಆಮೇಲೆ ನಕ್ಕು, "ಗೋಲ್ ಮಾತ್ರ ಆಯ್ತು" ಎಂದ.

ಗಾಡಿ ತಡವಾಗಿತ್ತು. ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ನಾನು ಮಳೆ, ಬೆಳೆ, ಇಟ್ಟಿಗೆಯ ಮಣ್ಣು ಎಲ್ಲವನ್ನೂ ಮಾತಾಡಿದೆ. ಗಾಡಿ ಬಂದಾಗ ಜನ ಕಿಕ್ಕಿರಿದಿದ್ದರು. ಅವನು ಮುಂದೆ ಓಡಿ, ಕಿಟಕಿಯೊಳಗೆ ತನ್ನ ಟವಲು ಎಸೆದು ಒಂದು ಸೀಟು ಹಿಡಿದ. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ನನ್ನನ್ನು ಕೂರಿಸಿ, ತಾನು ಬಾಗಿಲ ಬಳಿ ನಿಂತ. ಬೆಂಗಳೂರಿನವರೆಗೂ ನಾನು ಕೂತೇ ಹೋದೆ. ಇಳಿಯುವಾಗ ಅವನ ಬೆನ್ನು ತಟ್ಟಿ "ಭೇಷ್" ಎಂದೆ. ಅಷ್ಟೇ ಹೇಳಿದ್ದು. ಮತ್ತೆ ಅವನು ಸಿಗಲಿಲ್ಲ.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಚೈತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸೋತ ಸಿಟ್ಟಲ್ಲ, ತಾತನ ಮಾತಿಗೆ ರೆಫರಿ ನಕ್ಕನಲ್ಲ ಎಂಬ ಸಿಟ್ಟು. "ಆ ರೆಫರಿಗೆ ಏನೂ ಗೊತ್ತಿಲ್ಲ ತಾತ. ನೀವು ಬುಕ್ ತೋರ್ಸಿ ಅವ್ನಿಗೆ" ಎಂದಳು. ಅಲ್ಲಿಗೆ ನನ್ನ ಕಟ್ಟೆಯೊಡೆಯಿತು. ಈಗ ನಿಮಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಸ್ಟೇಷನ್ನಿನದನ್ನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ಪೂರ್ತಿ ನಂಬುವವಳು ಅವಳೊಬ್ಬಳೇ. ಅದೂ ಹೋಯಿತು ಎಂದುಕೊಂಡೇ ಹೇಳಿದೆ.

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು. ಆಮೇಲೆ, "ಬಾವುಟದ ಕಂಬ ಓದಿದ್ರಾ?" ಎಂದಳು.

"ಹೂಂ."

"ಐದಡಿ ಕಂಬ?"

"ಹೂಂ ಕಣಮ್ಮ."

ನಗು ಅವಳ ಹೊಟ್ಟೆಯಿಂದ ಎದ್ದು ಬಂತು. ಕಂಡಕ್ಟರು ತಿರುಗಿ ನೋಡುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಹಂಗಾದ್ರೆ ಅವತ್ತು ಗೆದ್ದಿದ್ದು ಅವ್ರು" ಎಂದಳು. "ನಾಳೆ ನಮ್ ಟೀಮಿಗೆ ನೀವೇ ಬಂದು ಹೇಳ್ಬೇಕು ತಾತ. ನಾನ್ ಹೇಳಲ್ಲ."

ಹೋದೆ. ಹದಿನಾಲ್ಕು ಹುಡುಗಿಯರು ಬಿಸಿಲಲ್ಲಿ ಸುತ್ತ ಕೂತರು. ಹೇಳಿದೆ. ಅವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನೂ ನಕ್ಕೆ, ಎದೆ ಹಗುರವಾಗಿ ನಕ್ಕೆ. ಆದರೆ ಹಣೆಯ ಗಾಯದ ಮಾತು ಬಂದಾಗ ಅವರು ನಗಲಿಲ್ಲ. ಗೋಲ್‌ಕೀಪರ್ ಹುಡುಗಿ ಕೇಳಿದಳು: "ಅವ್ರ ಹೆಸ್ರೇನು ತಾತ? ಟವಲಣ್ಣ ಅನ್ನೋದು ಹೆಸ್ರಲ್ಲ."

ಹೆಸರು ನನಗೆ ಗೊತ್ತು. ಪಂದ್ಯದ ದಿನ ಆಟಗಾರರ ಪಟ್ಟಿ ಬರೆದುಕೊಂಡವನು ನಾನೇ. ನಲವತ್ತೈದು ವರ್ಷ ಅದು ನನ್ನ ಬಾಯಿಗೆ ಬಂದಿರಲಿಲ್ಲ. ಮಾಲೂರಿಗೂ ಹೋಗಿ ಮೂರು ಗೂಡಿನ ಬಳಿ ಕೇಳಿ ಬಂದೆ, ಈಗಿನವರಿಗೆ ತಿಳಿಯದು. ಬದುಕಿದ್ದಾರೋ ಇಲ್ಲವೋ, ಯಾವ ಊರಿನಲ್ಲಿದ್ದಾರೋ. ಇಷ್ಟು ದೂರ ನನ್ನ ಜೊತೆ ಬಂದಿರಿ, ಇನ್ನೊಂದು ಉಪಕಾರ ಮಾಡಿ. ಹಣೆಯ ಮೇಲೆ ಉದ್ದನೆಯ ಗುರುತಿರುವ ಮುದುಕರೊಬ್ಬರು ಎಲ್ಲಾದರೂ ಎದುರಾದರೆ, ರೂಲು ಪುಸ್ತಕದಲ್ಲಿರಲಿಲ್ಲ, ಗೋಲು ಗೋಲೇ ಆಗಿತ್ತು ಎಂದು ಹೇಳಿ. ಇಲ್ಲಿಯವರೆಗೂ ಅವನು, ಇವನು ಎಂದು ಬರೆದುಕೊಂಡು ಬಂದೆ. ಅವರು ನನಗಿಂತ ಹಿರಿಯರು, ಇನ್ನು ಹಾಗೆ ಬರೆಯಲಾರೆ. ಅವತ್ತಿನ ಪಂದ್ಯದಲ್ಲಿ ಗೆದ್ದದ್ದು ಮಾಲೂರಿನವರು. ಗೋಲು ಹೊಡೆದದ್ದು ಕದಿರಪ್ಪನವರು.