ಯಾಳಿಗೆ ಇನ್ನೊಂದು ಕೋಟು

ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದರು. ನಲವತ್ತು ದಾಟಿದ ಮೇಲೆ ಅವರಿಗೆ ಮಣ್ಣಿನ ಗೊಂಬೆಗಳಿಗೆ ಬಣ್ಣ ಹಚ್ಚುವ ಹುಚ್ಚು ಹಿಡಿಯಿತು. ಅದೂ ಎಲ್ಲಿಯೂ ಇಲ್ಲದ ಪ್ರಾಣಿಗಳೇ ಆಗಬೇಕು: ಗಂಡಭೇರುಂಡ, ಮಕರ, ಯಾಳಿ. ಬ್ರಷ್ಷನ್ನು ಕರೆ ಜೋಡಿಸುವ ಪ್ಲಗ್ಗಿನ ಹಾಗೆ ಹಿಡಿದು ಚುಚ್ಚುತ್ತಿದ್ದರು. ಬಣ್ಣ ಸೋರಿದರೆ, "ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗುತ್ತೆ ಕಣೇ" ಎನ್ನುತ್ತಿದ್ದರು.

ನಮ್ಮ ಹೊಸ ಮನೆಯ ಬಾಗಿಲ ಮೇಲೆ ದೃಷ್ಟಿಗೊಂಬೆಯಾಗಿ ಇಡಲು ಒಂದು ಯಾಳಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡರು. ಸಿಂಹದ ಮುಖ, ಆನೆಯ ಸೊಂಡಿಲು, ನೋಡಿದವರು ಬೆಚ್ಚಬೇಕು. ಆದರೆ ಕೋಟಿನ ಮೇಲೆ ಕೋಟು ಬಿದ್ದು ಅದರ ಕೋರೆಹಲ್ಲುಗಳು ಮುಚ್ಚಿಹೋದವು, ಕೆನ್ನೆ ಊದಿತು, ಬಾಯಿ ನಕ್ಕಂತಾಯಿತು.

ಗೃಹಪ್ರವೇಶಕ್ಕೆ ಬಂದವರು ಮನೆ ನೋಡುವುದು ಬಿಟ್ಟು ಅದನ್ನೇ ನೋಡುತ್ತ ನಿಂತರು. "ಎಷ್ಟ್ ಮುದ್ದಾಗೈತೆ" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು.

"ಏನಮ್ಮಾ, ಇದಕ್ಕೆ ಯಾರು ಹೆದರ್ತಾರೆ?" ಎಂದು ನನ್ನ ಅತ್ತೆ ಕೇಳಿಯೇಬಿಟ್ಟರು.

ಪಕ್ಕದ ಮನೆಯಮ್ಮನ ಮುಖ ಸಣ್ಣದಾಯಿತು. ಇನ್ನೊಂದು ಕೋಟಿನ ಮಾತು ಬರುತ್ತದೆ ಎಂದುಕೊಂಡೆ. ಅವರು ನಮ್ಮ ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ತಂದು, ಸ್ಟೂಲು ಹತ್ತಿ, ಯಾಳಿಗೇ ನಿವಾಳಿಸಿದರು.

"ಪಾಪ ಕಣ್ರೀ, ಬೆಳಗಿಂದ ಎಲ್ರ ಕಣ್ಣೂ ಇದರ ಮೇಲೇ ಬಿದ್ದೈತೆ."